ಮಣ್ಣು ಹೋದ ದಾರಿ

ಆ ಕಾರ್ಖಾನೆಯಲ್ಲಿ 27 ವರ್ಷ ಹಂಚು ಹೊತ್ತ ಅಮ್ಮನೊಬ್ಬರ ಮನೆಯ ಜಗಲಿಯಲ್ಲಿ ನಾನು ತೆಗೆದ ಫೋಟೋಗಳನ್ನು ಹರಡಿಕೊಂಡು ಕೂತಿದ್ದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ 20 ಚಿತ್ರಗಳು. ಅವರು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರು. ನಡುವೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಎಲ್ಲ ಮುಗಿದ ಮೇಲೆ, "ಚಂದ ಉಂಟು ಮಗಾ. ಇದು ಎಲ್ಲಿಯದ್ದು?" ಎಂದು ಕೇಳಿದರು.

ಅದು ಅವರದೇ ಕಾರ್ಖಾನೆ. ಅವರ ಮನೆಯಿಂದ ಹತ್ತು ನಿಮಿಷದ ನಡಿಗೆ.

ಮಂಗಳೂರಿನ ಹೊರಗೆ, ಗುರುಪುರ ಹೊಳೆಯ ದಂಡೆಯಲ್ಲಿ, ತೆಂಗಿನ ತೋಟಗಳ ನಡುವೆ ಆ ಹಂಚಿನ ಕಾರ್ಖಾನೆ ಇದೆ. ಮುಚ್ಚಿ ವರ್ಷಗಳಾದವು. ರಸ್ತೆಯಿಂದ ನೋಡಿದರೆ ಕಾಣುವುದು ಚಿಮಣಿಯೊಂದೇ, ಅದರ ತುದಿಯಲ್ಲಿ ಬೆಳೆದ ಅಶ್ವತ್ಥದ ಗಿಡ ಅಷ್ಟೇ. ನಾನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ಆ ಚಿಮಣಿಯನ್ನು ನೋಡಿಕೊಂಡೇ ಬಂದವನು. ನಮ್ಮ ಅಜ್ಜಿಮನೆಯ ಮಾಡಿನ ಹಂಚು ಅಲ್ಲಿಯದೇ. ಮನೆ ಕೆಡವಿ ತಾರಸಿ ಹಾಕಿಸುವಾಗ ಇಳಿಸಿದ ಹಂಚುಗಳ ಬೆನ್ನಿನಲ್ಲಿ ಆ ಕಾರ್ಖಾನೆಯ ಹೆಸರು ಓದಿದ ದಿನವೇ, ಒಳಗೆ ಹೋಗಿ ನೋಡಬೇಕು ಎಂದು ಮನಸ್ಸಿಗೆ ಬಂದದ್ದು.

ಅನುಮತಿಗೆ ಮೂರು ತಿಂಗಳು ಬೇಕಾಯಿತು. ಜಾಗ ಒಂದು ಕುಟುಂಬದ್ದು, ಪಾಲು ಇನ್ನೂ ಆಗಿಲ್ಲ. ಒಬ್ಬರು ಒಪ್ಪಿದರೆ ಸಾಲದು. ಕೊನೆಗೆ ಒಂದು ಕಾಗದದಲ್ಲಿ ಬರೆದುಕೊಟ್ಟರು: ಹಗಲು ಮಾತ್ರ, ಕಾವಲಿನವರು ಜೊತೆಗಿರಬೇಕು, ಚಿಮಣಿ ಹತ್ತಕೂಡದು, ಒಂದು ಚೂರನ್ನೂ ಹೊರಗೆ ಒಯ್ಯಕೂಡದು. ಗೋಡೆ ಹಾರಿ ಒಳಗೆ ಹೋಗಿ ಫೋಟೋ ತೆಗೆಯುವವರು ಇದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಯಾರೋ ದುಡಿದ ಜಾಗ, ಯಾರದೋ ಆಸ್ತಿ. ಅದಲ್ಲದೆ, ಒಳಗೆ ನೆಲ ಕುಸಿದು ಬಿದ್ದರೆ ನಾನು ಅಲ್ಲಿದ್ದೇನೆ ಎಂದು ಒಬ್ಬರಿಗಾದರೂ ಗೊತ್ತಿರಬೇಕಲ್ಲ.

ಮೊದಲ ಸಲ ಹೋದದ್ದು ನವೆಂಬರಿನಲ್ಲಿ. ಮಳೆ ನಿಂತು ಸ್ವಲ್ಪ ದಿನವಾಗಿತ್ತು, ಗೋಡೆಗಳ ಪಾಚಿ ಇನ್ನೂ ಒದ್ದೆ. ಕಾವಲಿನ ಅಣ್ಣ ಉದ್ದನೆಯ ಕೋಲಿನಿಂದ ನೆಲ ಕುಟ್ಟುತ್ತ ಮುಂದೆ, ನಾನು ಹಿಂದೆ. "ಸದ್ದು ಮಾಡಿಕೊಂಡೇ ಬನ್ನಿ, ಹಂಚಿನ ರಾಶಿಗೆ ಮಾತ್ರ ಕೈ ಹಾಕಬೇಡಿ" ಎಂದರು. ಹಂಚಿನ ಅಟ್ಟಿಯ ಸಂದಿ ನಾಗರಹಾವಿಗೆ ಹೇಳಿ ಮಾಡಿಸಿದ ಜಾಗ. ಒಂದು ಮೂಲೆಯಲ್ಲಿ ಪೊರೆ ಕಂಡಿತು, ಹಾವು ಕಾಣಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ನಾನು ಮೈಮರೆತೆ. ಮಾಡಿನ ಅಲ್ಲಲ್ಲಿ ಹಂಚು ಜಾರಿ ಬೆಳಕಿನ ಕೋಲುಗಳು ಇಳಿದಿದ್ದವು. ಮಾಡು ಹೊರುವ ಮರದ ಪಕ್ಕಾಸುಗಳ ಸಾಲು, ಅದರ ಮೇಲೆ ಹಂಚು ಕೂರುವ ರೀಪುಗಳ ಸಾಲು, ಎಲ್ಲದರ ನೆರಳೂ ನೆಲದಲ್ಲಿ. ಯಂತ್ರದ ಚಕ್ರಕ್ಕೆ ಬಳ್ಳಿ ಸುತ್ತಿಕೊಂಡಿತ್ತು, ಕಿಟಕಿಯೊಳಗಿಂದ ಆಲದ ಬೇರು ಇಳಿದಿತ್ತು. ಕ್ಯಾಮೆರಾ ಎತ್ತಿದವನು ಸಂಜೆಯವರೆಗೆ ಇಳಿಸಲಿಲ್ಲ. 412 ಫೋಟೋ. ಅಗಲ ಲೆನ್ಸಿನಲ್ಲಿ, ಬೆಳಕು ಎಲ್ಲಿ ಕರೆಯಿತೋ ಅಲ್ಲಿಗೆ ಓಡಿಹೋಗಿ ತೆಗೆದವು. ಅದರಲ್ಲಿ 20 ಆರಿಸಿ ಪ್ರಿಂಟ್ ಹಾಕಿಸಿ ಖುಷಿಯಿಂದ ಅಮ್ಮನ ಜಗಲಿಗೆ ಹೋದದ್ದು.

ಅವರ ಪ್ರಶ್ನೆ ಬಹಳ ದಿನ ಕೊರೆಯಿತು. ಮನೆಗೆ ಬಂದು ಮತ್ತೆ ನೋಡಿದರೆ, ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಚಿತ್ರಗಳಲ್ಲಿ ಬಳ್ಳಿ ಇತ್ತು, ಬೇರು ಇತ್ತು, ತುಕ್ಕು ಇತ್ತು. ಅದು ಹಂಚಿನ ಕಾರ್ಖಾನೆಯೋ, ಅಕ್ಕಿ ಮಿಲ್ಲೋ, ಹಳೆಯ ಗೋದಾಮೋ ಹೇಳುವ ಒಂದು ಗುರುತೂ ಇರಲಿಲ್ಲ. ಅಲ್ಲಿ ಏನು ಮಾಡುತ್ತಿದ್ದರು ಎನ್ನುವುದೇ ನನಗೆ ತಿಳಿದಿರದಿದ್ದರೆ ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು?

ಜನವರಿಯಲ್ಲಿ ಅಮ್ಮನನ್ನೇ ಕರೆದುಕೊಂಡು ಹೋದೆ. ಕ್ಯಾಮೆರಾ ಒಯ್ಯಲಿಲ್ಲ, ಒಂದು ಪುಸ್ತಕ, ಪೆನ್ಸಿಲ್ ಅಷ್ಟೇ. ಗೇಟಿನ ಒಳಗೆ ಹೋದವರು ಕಟ್ಟಡದ ಕಡೆ ತಿರುಗಿಯೂ ನೋಡದೆ ನೇರ ಹೊಳೆಯ ಕಡೆಗೆ ನಡೆದರು. "ಈಚೆಯಿಂದ ನೋಡಿದರೆ ನಿಮಗೆ ಎಂತದೂ ಗೊತ್ತಾಗ್ಲಿಕ್ಕಿಲ್ಲ. ಮಣ್ಣು ಬರುವುದು ಅಲ್ಲಿಂದ" ಎಂದರು.

ಪೊದೆಯ ಹಿಂದೆ ದೋಣಿ ನಿಲ್ಲುವ ಧಕ್ಕೆ ಇತ್ತು. ಕೆಂಪುಕಲ್ಲಿನ ನಾಲ್ಕು ಮೆಟ್ಟಿಲು, ದೋಣಿಯ ಹಗ್ಗ ಉಜ್ಜಿ ಉಜ್ಜಿ ಸವೆದ ಒಂದು ಕಲ್ಲುಕಂಬ. ನವೆಂಬರಿನಲ್ಲಿ ಇಡೀ ದಿನ ಅಲ್ಲಿದ್ದೂ ನಾನು ಇದನ್ನು ಕಂಡಿರಲಿಲ್ಲ. ಜೇಡಿಮಣ್ಣು, ಸೌದೆ ಎರಡೂ ದೋಣಿಯಲ್ಲೇ ಬರುತ್ತಿದ್ದವು. ಸುಟ್ಟ ಹಂಚು ಹೋಗುತ್ತಿದ್ದದ್ದೂ ದೋಣಿಯಲ್ಲೇ, ಹಳೆ ಬಂದರಿಗೆ. ಅಲ್ಲಿಂದ ಮಂಜಿ ಎಂಬ ಹಾಯಿಹಡಗುಗಳಲ್ಲಿ ಬೊಂಬಾಯಿಗೆ, ಸಿಲೋನಿಗೆ, ಆಫ್ರಿಕಾದ ಕರಾವಳಿಗೆ. ಮಂಗಳೂರಿನ ಹಂಚಿನ ಕಾರ್ಖಾನೆಗಳೆಲ್ಲ ನೇತ್ರಾವತಿ, ಗುರುಪುರ ಹೊಳೆಗಳ ಮಗ್ಗುಲಲ್ಲೇ ಯಾಕೆ ಹುಟ್ಟಿಕೊಂಡವು ಎನ್ನುವುದಕ್ಕೆ ಆ ನಾಲ್ಕು ಮೆಟ್ಟಿಲು ಸಾಕು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದ್ದು ನೇತ್ರಾವತಿಯ ದಂಡೆಯಲ್ಲಿ. ಮೂರೇ ವರ್ಷಕ್ಕೆ, 1868ರಲ್ಲಿ, ಊರಿನವರದೇ ಕಾರ್ಖಾನೆ ಶುರುವಾಯಿತು. ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಈ ಹಂಚಿನ ವಿನ್ಯಾಸ ಮಾತ್ರ ಇಲ್ಲಿಯದಲ್ಲ. ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ ಜಿಲಾರ್ಡೋನಿ ಎಂಬ ಅಣ್ಣತಮ್ಮಂದಿರು 1841ರಲ್ಲಿ ಅದರ ಪೇಟೆಂಟ್ ಪಡೆದಿದ್ದರು. ಅಲ್ಲಿಂದ ಹೊರಟದ್ದು ನಮ್ಮ ಮಳೆಗೆ ಬಂದು ನೆಲೆ ನಿಂತಿತು. ಅದಕ್ಕೆ ಮೊದಲು ಇಲ್ಲಿ ಇದ್ದದ್ದು ಮುಳಿಹುಲ್ಲು, ತೆಂಗಿನ ಮಡಲು, ಕುಂಬಾರರು ಮಾಡುತ್ತಿದ್ದ ನಾಡಹಂಚು.

ಅಮ್ಮ ಧಕ್ಕೆಯಿಂದ ಹಿಂದೆ ತಿರುಗಿ ಒಂದೊಂದೇ ಹೆಜ್ಜೆಗೆ ಹೇಳಿಕೊಂಡು ಬಂದರು. ನಾನು ಬರೆದುಕೊಂಡೆ. ಇಲ್ಲಿ ಮಣ್ಣು ರಾಶಿ ಹಾಕಿ ಹದಕ್ಕೆ ಬಿಡುವುದು. ಇಲ್ಲಿ ಕಲ್ಲು, ಬೇರು ಹೆಕ್ಕುವುದು. ಇದು ಮಣ್ಣು ಅರೆಯುವ ಯಂತ್ರ, ಹಿಟ್ಟು ನಾದಿದ ಹಾಗೆ ನಾದಿ ಆ ಬಾಯಿಯಿಂದ ಪಟ್ಟಿಯಾಗಿ ಹೊರಗೆ ದೂಡುತ್ತದೆ. ಇಲ್ಲಿ ತಂತಿಯಿಂದ ಬಿಲ್ಲೆ ಕತ್ತರಿಸುವುದು, ಎಣ್ಣೆ ಸವರುವುದು. ಇದು ಪ್ರೆಸ್ಸು.

ಬಳ್ಳಿ ಸುತ್ತಿದ ಚಕ್ರ ಎಂದು ನಾನು ಆರು ಫೋಟೋ ತೆಗೆದದ್ದು ಈ ಪ್ರೆಸ್ಸಿನದೇ. ಬಳ್ಳಿಯ ಕೆಳಗೆ ಐದು ಮುಖದ ಒಂದು ಉರುಳೆ ಇತ್ತು, ಪ್ರತಿ ಮುಖಕ್ಕೂ ಒಂದು ಅಚ್ಚು. ಉರುಳೆ ಒಂದು ಮುಖ ತಿರುಗುವುದು, ಮೇಲಿನ ಅಚ್ಚು ಇಳಿದು ಒತ್ತುವುದು, ಮತ್ತೆ ಒಂದು ಮುಖ ತಿರುಗುವುದು. ಕೆಳಗಿನ ಮುಖದಿಂದ ಹಸಿ ಹಂಚು ಕಳಚಿ ಕೈಗೆ ಬರುವ ಹೊತ್ತಿಗೆ ಮೇಲೆ ಇನ್ನೊಂದು ತಯಾರು. "ನಾನು ಇಲ್ಲಿ ನಿಲ್ಲುವುದು" ಎಂದು ಅಮ್ಮ ಉರುಳೆಯ ಎಡಕ್ಕೆ ಬಂದು ನಿಂತರು. ಕೈ ತಾನಾಗಿಯೇ ಮುಂದೆ ಬಂತು, ಅಂಗೈ ಮೇಲಕ್ಕೆ. ಹಾಗೇ ಸ್ವಲ್ಪ ಹೊತ್ತು ನಿಂತರು. ಕ್ಯಾಮೆರಾ ತರದಿದ್ದುದಕ್ಕೆ ಅವತ್ತು ಬೇಸರವಾಗಲಿಲ್ಲ. ಇದ್ದಿದ್ದರೆ ನಾನು ಅದರ ಹಿಂದೆ ಇರುತ್ತಿದ್ದೆ.

ಒಣಗಿಸುವ ಶೆಡ್ಡಿನಲ್ಲಿ ಮರದ ಹಲಗೆಗಳ ಸಾಲು, ನೆಲದಿಂದ ತಲೆಗಿಂತ ಎತ್ತರಕ್ಕೆ. ಹಸಿ ಹಂಚು ಬಿಸಿಲಿಗೆ ಬಿದ್ದರೆ ಒಂದು ಮಗ್ಗುಲು ಬೇಗ ಕುಗ್ಗಿ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಹಾಗಾಗಿ ನೆರಳಲ್ಲಿ, ಗಾಳಿಯಾಡುವಲ್ಲಿ, ನಿಧಾನಕ್ಕೆ ಒಣಗಬೇಕು. ಆ ಶೆಡ್ಡಿನ ಮಾಡು ಅಷ್ಟು ಕೆಳಗೆ ಇಳಿದಿರುವುದು, ಗೋಡೆಯ ಜಾಗದಲ್ಲಿ ಬರೀ ಪಟ್ಟಿಗಳಿರುವುದು ಅದಕ್ಕಾಗಿ. ನವೆಂಬರಿನಲ್ಲಿ ನಾನು 'ಬೆಳಕು ಸಾಲದು' ಎಂದು ಬಿಟ್ಟುಬಂದ ಜಾಗ ಅದು. ಕತ್ತಲು ಇರಬೇಕಾದ್ದೇ ಅಲ್ಲಿನ ಕೆಲಸ. ಹಲಗೆಗಳ ಅಂಚಿನಲ್ಲಿ ಸೀಮೆಸುಣ್ಣದ ಗೀಟುಗಳಿದ್ದವು, ನಾಲ್ಕು ನಿಂತ ಗೀಟು, ಅಡ್ಡಕ್ಕೆ ಒಂದು. ಯಾರು ಎಷ್ಟು ಹೊತ್ತರು ಎನ್ನುವ ಲೆಕ್ಕ. ತಲೆಯ ಮೇಲೆ ಒಂದು ಸಲಕ್ಕೆ ಹತ್ತು ಹಂಚು ಇಟ್ಟುಕೊಳ್ಳುತ್ತಿದ್ದೆ ಎಂದರು. ಒಣಗಿದ್ದೇ ಒಂದೊಂದು ಎರಡೂವರೆ ಕಿಲೋದ ಆಸುಪಾಸು ತೂಗುತ್ತದೆ.

ಆಮೇಲೆ ಗೂಡು. ಆವೆಗೆ ಅವರು ಹೇಳುವುದು ಗೂಡು ಎಂದೇ.

ಹೊರಗಿನಿಂದ ಅದೊಂದು ಕೋಟೆಗೋಡೆಯ ಹಾಗೆ, ದಪ್ಪ ಇಟ್ಟಿಗೆಯದು, ನಡುನಡುವೆ ಬಗ್ಗಿ ಹೋಗುವ ಕಮಾನಿನ ಬಾಗಿಲುಗಳು. ಒಳಗೆ ಹೊಕ್ಕರೆ ಉದ್ದನೆಯ ಸುರಂಗ, ಕೊನೆಯಲ್ಲಿ ತಿರುಗಿ ಮತ್ತೆ ಹಿಂದಕ್ಕೆ ಬರುತ್ತದೆ. ಆದಿ ಅಂತ್ಯ ಇಲ್ಲದ ಬಳೆ. ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಮಾದರಿ ಇದು. ಸಾಮಾನ್ಯ ಆವೆಯಲ್ಲಿ ತುಂಬಬೇಕು, ಬೆಂಕಿ ಹಾಕಬೇಕು, ಆರಿಸಬೇಕು, ತೆಗೆಯಬೇಕು. ಪ್ರತಿ ಸಲವೂ ಅಷ್ಟೂ ಕಾವು ವ್ಯರ್ಥ. ಇಲ್ಲಿ ಹಂಚು ಕೂತಲ್ಲೇ ಇರುತ್ತದೆ, ಬೆಂಕಿ ನಡೆಯುತ್ತದೆ. ಒಂದು ಕಡೆ ಉರಿಯುತ್ತಿದ್ದರೆ ಅದರ ಮುಂದಿನ ಹಂಚು ಆ ಹೊಗೆಯ ಕಾವಿನಲ್ಲೇ ಬಿಸಿಯಾಗುತ್ತಿರುತ್ತದೆ. ಹಿಂದೆ ಸುಟ್ಟದ್ದು ತಣಿಯುತ್ತ, ಒಳಗೆ ಬರುವ ಗಾಳಿಗೆ ತನ್ನ ಕಾವನ್ನು ಕೊಡುತ್ತಿರುತ್ತದೆ. ಇನ್ನೂ ಹಿಂದೆ ಹೆಂಗಸರು ತಣಿದ ಹಂಚು ಹೊರಗೆ ಹೊರುತ್ತಿರುತ್ತಾರೆ, ಅದರಾಚೆ ಹಸಿಯದನ್ನು ಜೋಡಿಸುತ್ತಿರುತ್ತಾರೆ. ಬೆಂಕಿ ಸುತ್ತು ಬರುತ್ತಲೇ ಇರುತ್ತದೆ.

"ತಣಿದದ್ದು ಅಂತ ಹೇಳುವುದು" ಎಂದರು ಅಮ್ಮ. "ಕೈಗೆ ಗೋಣಿಚೀಲದ ತುಂಡು ಸುತ್ತಿಕೊಂಡು ಹೋಗುವುದು. ಗೋಡೆ ಮುಟ್ಟಿದರೆ ಸುಡುತ್ತಿತ್ತು. ಹೊರಗೆ ಬಂದರೆ ಏಪ್ರಿಲ್ ತಿಂಗಳ ಬಿಸಿಲೂ ತಂಪು ಅನಿಸುವುದು."

ಸೌದೆ ಎಲ್ಲಿಂದ ಹಾಕುತ್ತಿದ್ದರು ಎಂದು ಕೇಳಿದೆ. ಅವರು ಮೇಲಕ್ಕೆ ಕೈ ತೋರಿಸಿದರು. ಸುರಂಗದ ಕಮಾನಿನ ನೆತ್ತಿಯಲ್ಲಿ, ಮಾರಿಗೊಂದರಂತೆ, ಗುಂಡಗಿನ ತೂತುಗಳು. ಮೇಲಿನಿಂದ ಕಬ್ಬಿಣದ ಮುಚ್ಚಳ. ಬೆಂಕಿಯ ಕೆಲಸದವರು ಗೂಡಿನ ಬೆನ್ನ ಮೇಲೆ ನಿಂತು, ಮುಚ್ಚಳ ಎತ್ತಿ, ಉರಿಯ ಬಣ್ಣ ನೋಡಿ, ಸೌದೆಯ ತುಂಡು ಇಳಿಬಿಡುತ್ತಿದ್ದರು. ಅವರಲ್ಲಿ ಥರ್ಮಾಮೀಟರ್ ಇರಲಿಲ್ಲ. 900 ಡಿಗ್ರಿಯ ಆಚೀಚೆಯ ಕಾವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಕಡಿಮೆಯಾದರೆ ಹಂಚು ನೀರು ಕುಡಿಯುತ್ತದೆ, ಹೆಚ್ಚಾದರೆ ಬಾಗುತ್ತದೆ. ತಣಿಸುವಾಗಲೂ ಅವಸರ ಕೂಡದು. ಮಣ್ಣಿನೊಳಗಿನ ಸ್ಫಟಿಕದ ಮರಳು 573 ಡಿಗ್ರಿಯ ಹತ್ತಿರ ಒಮ್ಮೆಲೇ ಕುಗ್ಗುತ್ತದೆ, ತಣ್ಣನೆ ಗಾಳಿ ಹೊಡೆದರೆ ಹಂಚು ಸೀಳುತ್ತದೆ.

ಆ ತೂತುಗಳ ಕೆಳಗೆ ನಿಂತಾಗ ನನಗೆ ತೆಗೆಯಬೇಕಾದ ಚಿತ್ರ ಕಂಡಿತು. ಬೆಂಕಿಗೆ ಸೌದೆ ಇಳಿದ ದಾರಿಯಲ್ಲೇ ಬೆಳಕು ಇಳಿಯಬೇಕು. ಆದರೆ ಕಮಾನು ಎರಡೂವರೆ ಅಡಿಗಿಂತ ದಪ್ಪ, ತೂತು ಗೇಣಗಲ. ಬಿಸಿಲು ನೇರ ನೆಲ ಮುಟ್ಟಬೇಕಾದರೆ ಸೂರ್ಯ ನೆತ್ತಿಯ ಮೇಲೆ ಬರಬೇಕು. ಮಂಗಳೂರಿನಲ್ಲಿ ಅದು ಆಗುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದ ಆಸುಪಾಸು, ಮತ್ತೆ ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ನಮ್ಮಲ್ಲಿ ಸೂರ್ಯನನ್ನು ನಂಬುವ ಹಾಗಿಲ್ಲ. ಏಪ್ರಿಲಿಗೆ ಕಾದೆ.

ಏಪ್ರಿಲಿನಲ್ಲಿ ಎರಡು ದಿನ ಕೆಲಸ ಮಾಡಿದೆ, ಮಣ್ಣು ಹೋದ ದಾರಿಯಲ್ಲೇ. ಧಕ್ಕೆಯಿಂದ ಶುರು. ಒಂದು ಜಾಗದ ಕೆಲಸ ಮುಗಿಯದೆ ಮುಂದಿನದಕ್ಕೆ ಹೋಗುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಅಗಲ ಲೆನ್ಸ್ ಮನೆಯಲ್ಲೇ ಬಿಟ್ಟೆ. ಅದು ಎಲ್ಲವನ್ನೂ ಚಂದ ಮಾಡುತ್ತದೆ, ಗೋಡೆಗಳನ್ನು ವಾಲಿಸುತ್ತದೆ, ಅಳತೆ ತಪ್ಪಿಸುತ್ತದೆ. 50 ಮಿಲಿಮೀಟರಿನ ಲೆನ್ಸ್ ಒಂದು, ಟ್ರೈಪಾಡ್, ತಲೆಗೆ ಕಟ್ಟುವ ಟಾರ್ಚು, ಒಳ್ಳೆಯ ಮಾಸ್ಕು. ಆವೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಹಿಂದೆ ಬರುವುದಿಲ್ಲ. ಆ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ವರ್ಷಗಟ್ಟಲೆ ಅದನ್ನೇ ಉಸಿರಾಡಿದ್ದು ಎನ್ನುವುದನ್ನು ಮಾಸ್ಕು ಹಾಕಿಕೊಳ್ಳುವಾಗೆಲ್ಲ ನೆನೆಯುತ್ತಿದ್ದೆ.

ಪ್ರೆಸ್ಸಿನ ಅಚ್ಚುಗಳಲ್ಲಿ ಹೆಸರು ಕನ್ನಡಿಯೊಳಗಿನ ಹಾಗೆ ತಿರುಗಿ ಕೂತಿತ್ತು. ಎದುರಿನಿಂದ ಬೆಳಕು ಬಿಟ್ಟರೆ ಅಕ್ಷರವೇ ಕಾಣುವುದಿಲ್ಲ. ಟಾರ್ಚನ್ನು ಪಕ್ಕಕ್ಕೆ, ಅಚ್ಚಿನ ಮಟ್ಟಕ್ಕೇ ಇಳಿಸಿ ಹಿಡಿದಾಗ ಒಂದೊಂದೇ ಅಕ್ಷರ ನೆರಳು ಚೆಲ್ಲಿ ಮೇಲೆದ್ದಿತು. ಅಜ್ಜಿಮನೆಯ ಹಂಚಿನ ಬೆನ್ನಿನ ಹೆಸರು ಹುಟ್ಟಿದ ಜಾಗ ಅದು. ಆ ಒಂದು ಚಿತ್ರಕ್ಕೆ ಒಂದು ಗಂಟೆ ಹೋಯಿತು, ಹೋಗಬೇಕಾದ್ದೇ.

ಒಣಗಿಸುವ ಶೆಡ್ಡಿನ ಕತ್ತಲಿಗೆ ಕ್ಯಾಮೆರಾದ ಕಣ್ಣು 15 ಸೆಕೆಂಡು ತೆರೆದಿಟ್ಟೆ. ಫ್ಲಾಶ್ ಹಾಕಲಿಲ್ಲ. ಹಾಕಿದರೆ ಗಾಳಿಯಲ್ಲಿನ ಧೂಳೆಲ್ಲ ಬಿಳಿ ಚುಕ್ಕೆಯಾಗಿ ಬರುತ್ತದೆ, ಮೇಲಾಗಿ ಅದು ಆ ಶೆಡ್ಡಿನ ಬೆಳಕೂ ಅಲ್ಲ. ಮೇಲಿನ ಅಟ್ಟಕ್ಕೆ ಮರದ ಏಣಿ ಇತ್ತು. ಹಲಗೆಗಳು ಲಡ್ಡಾಗಿದ್ದವು. ಮೊಳೆಯ ಸಾಲು ಇರುವಲ್ಲಿ ಕೆಳಗೆ ತೊಲೆ ಇರುತ್ತದೆ, ಅದರ ಮೇಲೆ ಮಾತ್ರ ಕಾಲಿಟ್ಟರೆ ಆದೀತು ಎಂದು ಎರಡು ಹೆಜ್ಜೆ ಹೋದೆ. ಮೂರನೆಯದಕ್ಕೆ ಮೊಳೆಯ ಕೆಳಗಿನ ತೊಲೆಯೇ ಪುಡಿಯಾಗಿ ಉದುರಿತು, ಗೆದ್ದಲು. ಕಾವಲಿನ ಅಣ್ಣ ಕೆಳಗಿನಿಂದ "ಬೇಡ, ಇಳಿಯಿರಿ ಮಾರಾಯ್ರೇ" ಎಂದು ಕೂಗಿದರು. ಇಳಿದೆ. ಅಟ್ಟದ ಚಿತ್ರ ನನ್ನಲ್ಲಿ ಇಲ್ಲ.

ಗೂಡಿನ ಚಿತ್ರ ಮೊದಲ ದಿನ ಹಾಳಾಯಿತು. ಗೂಡಿನ ಮೇಲಿನ ಮಾಡು ತೆಂಕುಬದಿಯಲ್ಲಿ ಪೂರ್ತಿ ಕುಸಿದಿದೆ, ಅಲ್ಲಿ ಆಕಾಶವೇ ಮಾಡು. ಅಣ್ಣ ಹಾರೆ ಹಾಕಿ ಆ ಬದಿಯ ಆರು ಮುಚ್ಚಳ ಸಡಿಲಿಸಿಕೊಟ್ಟರು. ಉಳಿದವು ತುಕ್ಕಿನಲ್ಲಿ ಒಂದಾಗಿದ್ದವು, ಒತ್ತಾಯ ಮಾಡಲಿಲ್ಲ. ನಮ್ಮಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ 12ಕ್ಕೆ ಅಲ್ಲ, 12.30ರ ಹೊತ್ತಿಗೆ. ಅಷ್ಟರೊಳಗೆ ಸುರಂಗದಲ್ಲಿ ಟ್ರೈಪಾಡ್ ಹೂಡಿದ್ದೆ. ಬೆಳಕು ಬಂತು. ಆರು ಕಂಬ, ಒಂದರ ಹಿಂದೆ ಒಂದು. ತೆಗೆದು ಪರದೆಯಲ್ಲಿ ನೋಡಿದರೆ ಗೋಡೆ ಬೂದು ಬಣ್ಣ, ಸತ್ತ ಬಣ್ಣ. ಕ್ಯಾಮೆರಾ ಆ ಕೆಂಪನ್ನೆಲ್ಲ ತಪ್ಪು ಎಂದು ತಿಳಿದು ತಾನೇ ತಿದ್ದಿಬಿಟ್ಟಿತ್ತು. ಬಣ್ಣ ತಿದ್ದುವ ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿಗೆ ಕಟ್ಟಿಹಾಕಬೇಕೆಂದು ಹೊಳೆಯುವಷ್ಟರಲ್ಲಿ, ಎಬ್ಬಿಸಿದ ಬಾವಲಿಗಳು ಸುರಂಗದ ತುಂಬ ಹಾರಾಡತೊಡಗಿ ಪ್ರತಿ ಚಿತ್ರದಲ್ಲೂ ಕಪ್ಪು ಗೀರು. ಅರ್ಧ ಗಂಟೆಯಲ್ಲಿ ಕಂಬಗಳು ವಾಲಿ, ಗೋಡೆ ಹತ್ತಿ, ಮಾಯವಾದವು.

ಮರುದಿನ ಬೆಳಿಗ್ಗೆ ಹತ್ತಕ್ಕೇ ಒಳಗೆ ಹೋಗಿ, ಟಾರ್ಚು ಆರಿಸಿ, ಅಲ್ಲಾಡದೆ ಕೂತೆ. ಬಾವಲಿಗಳು ಒಂದೊಂದಾಗಿ ಆಚೆಯ ತಿರುವಿಗೆ ಹೋಗಿ ನೇತುಬಿದ್ದವು. ಎರಡು ಗಂಟೆ ಆ ಕತ್ತಲಲ್ಲಿ ಕೂತಾಗ ಗೋಡೆ ಕಾಣತೊಡಗಿತು. ಇಟ್ಟಿಗೆಯ ಮೈಮೇಲೆ ತಿಳಿಹಸಿರು ಗಾಜಿನ ಪದರ. ಯಾರೂ ಬಳಿದದ್ದಲ್ಲ. ಸೌದೆಯ ಬೂದಿ ವರ್ಷಗಟ್ಟಲೆ ಕಾವಿನಲ್ಲಿ ಹಾರಿ, ಇಟ್ಟಿಗೆಗೆ ಅಂಟಿ, ಕರಗಿ ಹರಿದದ್ದು. ತೂತುಗಳ ನೇರ ಕೆಳಗೆ ಅದು ದಪ್ಪ, ದೂರ ಹೋದಂತೆ ತೆಳು. ಬೆಂಕಿ ಎಲ್ಲೆಲ್ಲಿ ನಿಂತಿತ್ತು ಎನ್ನುವುದನ್ನು ಗೋಡೆಯೇ ಬರೆದಿಟ್ಟಿತ್ತು.

12.20ಕ್ಕೆ ಮೊದಲ ಕಂಬ ನೆಲ ಮುಟ್ಟಿತು. ಕತ್ತಲಿಗೆ 30 ಸೆಕೆಂಡಿನ ಎಕ್ಸ್‌ಪೋಶರ್ ಒಂದು, ಅದಕ್ಕಿಂತ ಕಡಿಮೆಯದು ನಡುವಿಗೊಂದು, ಇನ್ನೂ ಕಡಿಮೆಯದು ಬೆಳಕಿನ ಕಂಬಕ್ಕೊಂದು. ಒಂದು ಕಡೆ ಮೂರು ತೆಗೆದು ಟ್ರೈಪಾಡನ್ನು ಹತ್ತು ಹೆಜ್ಜೆ ಮುಂದೆ ಇಟ್ಟೆ, ಮತ್ತೆ ಹತ್ತು ಹೆಜ್ಜೆ. ಅಮ್ಮ ಹೇಳಿದ ದಿಕ್ಕಿನಲ್ಲೇ, ಬೆಂಕಿ ಸುತ್ತುತ್ತಿದ್ದ ದಿಕ್ಕಿನಲ್ಲಿ. ಗಾಜಿನ ಪದರ ಬೆಳಕು ಹಿಡಿದು ಹೊಳೆಯಿತು, ಗೋಡೆ ಒಳಗಿನಿಂದಲೇ ಕೆಂಪಾಯಿತು. 12.45ರವರೆಗೆ 21 ಚಿತ್ರ. ಎರಡು ದಿನದಲ್ಲಿ ತೆಗೆದದ್ದು ಒಟ್ಟು 90 ದಾಟಲಿಲ್ಲ. ಆಮೇಲೆ ಅಣ್ಣನೂ ನಾನೂ ಸೇರಿ ಆರೂ ಮುಚ್ಚಳಗಳನ್ನು ಮೊದಲಿದ್ದಂತೆ ಮುಚ್ಚಿದೆವು.

ಹೊರಗೆ ಬಂದಾಗ ಅಮ್ಮ ಅಂಗಳದಲ್ಲಿದ್ದರು. ಊಟ ಮುಗಿಸಿ ನೋಡಿಹೋಗಲು ಬಂದವರು, ಮಾರದೆ ಉಳಿದ ಹಂಚಿನ ಅಟ್ಟಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದರು. ಹಾವು ಇದ್ದೀತು ಎಂದೆ. "ಅದಕ್ಕೆ ನನ್ನ ಗುರುತು ಉಂಟು" ಎಂದು ಒಂದು ಹಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ತಟ್ಟಿದರು. ಟಣ್ ಎಂದಿತು. ಬಲಕ್ಕೆ ಇಟ್ಟರು. ಇನ್ನೊಂದು ತಟ್ಟಿದರು, ಅದು ಡಬ್ ಎಂದಿತು. ಕಣ್ಣಿಗೆ ಎರಡೂ ಒಂದೇ. ಒಳಗೆಲ್ಲೋ ಕೂದಲೆಳೆಯ ಬಿರುಕು. ಅದನ್ನು ಎಡಕ್ಕೆ ಇಟ್ಟರು.

ಕ್ಯಾಮೆರಾದ ಬ್ಯಾಟರಿಯಲ್ಲಿ ಒಂದು ಗೆರೆ ಉಳಿದಿತ್ತು. ಅವರ ಕೈಯ, ಹಂಚಿನ, ಎರಡು ಚಿತ್ರ ತೆಗೆದೆ. ಆಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿ, ಪಕ್ಕದಲ್ಲಿ ಕೂತು ಹಂಚು ಎತ್ತಿ ಕೊಡತೊಡಗಿದೆ. ಅವರು ತಟ್ಟುತ್ತಾ ಹೋದರು. ನಾಲ್ಕು ಗಂಟೆಗೆ ಅಣ್ಣ ಗೇಟಿಗೆ ಬೀಗ ಹಾಕಲು ಬಂದಾಗ ಬಲಕ್ಕೆ ಒಂದು ರಾಶಿ, ಎಡಕ್ಕೆ ಒಂದು ಸಣ್ಣ ರಾಶಿ ಆಗಿತ್ತು.